ಕರಿಜೀರಿಗೆ ಎಣ್ಣೆ: 'ಇಮ್ಯುನಿಟಿ'ಗೆ ಎಂದು ಕುಡಿಯುವ ಮೊದಲು

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಜಗಲಿ ಗೂಡಿನಲ್ಲಿ ಕಳೆದ ಚಳಿಗಾಲ ಎರಡು ಎಣ್ಣೆ ಬಾಟಲಿ ಇದ್ದವು. ಒಂದು ಡೆಪಾ ಎಣ್ಣೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದು ಕೊಟ್ಟಿದ್ದು. ದರಗು (ಒಣಗಿದ ಎಲೆ) ಗುಡಿಸಲು, ಸೊಪ್ಪು ತರಲು ಕಾಡಿನ ಅಂಚಿಗೆ ಹೋಗುವವರು ಉಣುಗು ಹತ್ತದ ಹಾಗೆ ಅದನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು. ಇನ್ನೊಂದು ಕರಿಜೀರಿಗೆ ಎಣ್ಣೆ. ಬೆಂಗಳೂರಿನಲ್ಲಿರುವ ಮೊಮ್ಮಗ ಕೊರಿಯರ್‌ನಲ್ಲಿ ಕಳಿಸಿದ್ದು. ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಇಮ್ಯುನಿಟಿ ಸಪೋರ್ಟ್' ಎಂದಿತ್ತು. ದೊಡ್ಡಮ್ಮ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಮಚ ಕುಡಿಯುತ್ತಿದ್ದರು, ಬಿಸಿನೀರು ಮತ್ತು ಜೇನಿನ ಜೊತೆ.

ದೊಡ್ಡಮ್ಮನಿಗೆ 68 ವರ್ಷ. ಹೃದಯದ ಕವಾಟ ಬದಲಾಯಿಸಿ ಒಂಬತ್ತು ವರ್ಷವಾಗಿದೆ. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಎಂದು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಮಾತ್ರೆಯ ಕಷ್ಟ ಏನೆಂದರೆ, ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುತ್ತದೆ, ಜಾಸ್ತಿಯಾದರೆ ರಕ್ತಸ್ರಾವ ಆಗುತ್ತದೆ. ಅದಕ್ಕೇ ಆಗಾಗ ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಮಾಡಿಸಬೇಕು. ಅವರಿಗೆ ಆ ಅಂಕಿ 2.5ರಿಂದ 3.5ರ ಒಳಗೆ ಇರಬೇಕು ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಫೆಬ್ರವರಿಯಲ್ಲಿ ಒಂದು ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ತೋಳಿನ ಮೇಲೆ ಎಲ್ಲೂ ಪೆಟ್ಟಾಗದಿದ್ದರೂ ನೀಲಿ ಕಲೆ. ಪರೀಕ್ಷೆ ಮಾಡಿಸಿದರೆ ಐಎನ್‌ಆರ್ 5.8.

"ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಎಂದು ಡಾಕ್ಟರ್ ಕೇಳಿದರು. ದೊಡ್ಡಮ್ಮ ಇಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಮನೆಗೆ ಬಂದ ಮೇಲೆ ನಾನು ಆ ಬಾಟಲಿ ತೋರಿಸಿ ಕೇಳಿದಾಗ, "ಅದೆಂಥ ಔಷಧಿ ಮಾರಾಯ, ಸಾಸಿವೆ ಡಬ್ಬಿ ಪಕ್ಕ ಇಡೋ ಸಾಮಾನು" ಎಂದರು.

ಎಣ್ಣೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಡಾಕ್ಟರ್ ಕೂಡ ಹಾಗೆ ಹೇಳಲಿಲ್ಲ. ಹಿಂದಿನ ವಾರ ದೊಡ್ಡಮ್ಮನಿಗೆ ಜ್ವರ ಬಂದು ಊಟ ಸೇರಿರಲಿಲ್ಲ. ಸೊಪ್ಪು, ತರಕಾರಿ ಕಡಿಮೆಯಾದರೆ ವಿಟಮಿನ್ ಕೆ ಕಡಿಮೆಯಾಗುತ್ತದೆ, ಆಗಲೂ ಐಎನ್‌ಆರ್ ಏರುತ್ತದೆ. ಬಾಟಲಿಯ ವಿಷಯ ತಿಳಿಸಿದಾಗ ಡಾಕ್ಟರ್, ಎರಡೂ ಸೇರಿ ಆಗಿರಬಹುದು ಎಂದು ಹೇಳಿ, ಎಣ್ಣೆ ನಿಲ್ಲಿಸಿ ಎಂದರು. ಅಂಕಿ ಇಳಿಯಿತು. ಆದರೆ ಅವತ್ತು ನಾವು ಆ ಬಾಟಲಿಯನ್ನು ನೋಡದೇ ಇದ್ದಿದ್ದರೆ ಅದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ಈ ಲೇಖನ ಬರೆಯುವುದಕ್ಕೆ ಕಾರಣ ಅದೇ.

ಬೀಜದಲ್ಲಿ ಏನಿದೆ

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ 'ಕರಿಜೀರಿಗೆ' ಎಂದರೆ ಅಂಗಡಿಯಿಂದ ಅಂಗಡಿಗೆ ಬೇರೆ ಬೇರೆ ಬೀಜ ಸಿಗುತ್ತದೆ. ಉತ್ತರದವರು ಕಲೋಂಜಿ ಎನ್ನುವ, ನಾನ್ ರೊಟ್ಟಿಯ ಮೇಲೆ ಉದುರಿಸುವ ಸಣ್ಣ ಕಪ್ಪು ಬೀಜ ಒಂದು. ಅದರ ಸಸ್ಯಶಾಸ್ತ್ರದ ಹೆಸರು ನೈಜೆಲ್ಲಾ ಸಟೈವಾ. ಬಿರಿಯಾನಿಗೆ ಹಾಕುವ ಶಾಹಿ ಜೀರಿಗೆಗೂ ಕೆಲವರು ಕರಿಜೀರಿಗೆ ಎನ್ನುತ್ತಾರೆ. ಕಾಡುಜೀರಿಗೆ ಎಂಬ ಕಹಿ ಬೀಜ ಮೂರನೆಯದು. ಹಳಬರು ಅದನ್ನು ಹೊಟ್ಟೆಹುಳಕ್ಕೆ ಕೊಡುತ್ತಿದ್ದರು. ಈ ಮೂರೂ ಬೇರೆ ಬೇರೆ ಕುಟುಂಬದ ಗಿಡಗಳು. ಕಲೋಂಜಿಯನ್ನು ಈರುಳ್ಳಿ ಬೀಜ ಅಂತ ಕರೆಯುವವರೂ ಇದ್ದಾರೆ. ಈರುಳ್ಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಗ್ರಂಧಿಗೆ ಅಂಗಡಿಯಲ್ಲಿ "ಕರಿಜೀರಿಗೆ ಕೊಡಿ" ಎಂದರೆ ಯಾವುದು ಪೊಟ್ಟಣಕ್ಕೆ ಬಿತ್ತು ಎಂದು ನೋಡಿಕೊಳ್ಳಬೇಕು. ಇಲ್ಲಿ ನಾನು ಹೇಳುವುದೆಲ್ಲ ಕಲೋಂಜಿ ಎಣ್ಣೆಯ ಬಗ್ಗೆ.

ಈ ಬೀಜ ಸಾವಿರಾರು ವರ್ಷದಿಂದ ಮನುಷ್ಯರ ಜೊತೆಗಿದೆ. ಆಯುರ್ವೇದದಲ್ಲಿ ಉಪಕುಂಚಿಕಾ ಎಂಬ ಹೆಸರಿದೆ. ಯುನಾನಿ ವೈದ್ಯದಲ್ಲಿ ದೊಡ್ಡ ಸ್ಥಾನವಿದೆ. ಮುಸ್ಲಿಂ ಮನೆಗಳಲ್ಲಿ ಪ್ರವಾದಿಯವರ ಮಾತಿನ ಕಾರಣಕ್ಕೆ ಅದರ ಮೇಲೆ ಭಕ್ತಿಯೇ ಇದೆ. ಇದನ್ನೆಲ್ಲ ಹಗುರವಾಗಿ ನೋಡಬಾರದು. ಇಷ್ಟು ಜನ, ಇಷ್ಟು ಕಾಲ ಅಡುಗೆಯಲ್ಲಿ ಬಳಸಿದ್ದಾರೆ ಎಂದರೆ ಚಿಟಿಕೆ ಪ್ರಮಾಣದಲ್ಲಿ ಅದು ಸುರಕ್ಷಿತ ಎಂಬುದಕ್ಕೆ ಅದೇ ಒಳ್ಳೆಯ ಸಾಕ್ಷಿ. ಪ್ರಶ್ನೆ ಬರುವುದು ಪ್ರಮಾಣ ಬದಲಾದಾಗ. ಪಲ್ಯಕ್ಕೆ ಒಂದು ಚಿಟಿಕೆ ಬೀಜ ಹಾಕುವುದು ಬೇರೆ. ಎಷ್ಟೋ ಬೀಜ ಹಿಂಡಿ ತೆಗೆದ ಎಣ್ಣೆಯನ್ನು ಚಮಚಗಟ್ಟಲೆ ತಿಂಗಳುಗಟ್ಟಲೆ ಕುಡಿಯುವುದು ಬೇರೆ.

ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ. ಆ ಎಣ್ಣೆಯ ಅರ್ಧಕ್ಕಿಂತ ಜಾಸ್ತಿ ಲಿನೋಲಿಕ್ ಆಮ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ಇರುವುದೂ ಬಹುಪಾಲು ಅದೇ. ಹಾಗಾದರೆ ಕರಿಜೀರಿಗೆಗೆ ವಿಶೇಷ ಏನು? ಆ ಘಾಟು ವಾಸನೆ ಕೊಡುವ, ಬೇಗ ಆವಿಯಾಗುವ ಒಂದು ಸಣ್ಣ ಪಾಲು. ಅದರಲ್ಲಿ ಮುಖ್ಯವಾದದ್ದು ಥೈಮೋಕ್ವಿನೋನ್ ಎಂಬ ರಾಸಾಯನಿಕ. ಸಂಶೋಧನೆಗಳೆಲ್ಲ ಹೆಚ್ಚಾಗಿ ಇದರ ಹಿಂದೆ ಬಿದ್ದಿವೆ. ಇದು ಬೆಳಕಿಗೆ, ಬಿಸಿಗೆ ಹಾಳಾಗುತ್ತದೆ. ಬೀಜ ಬೆಳೆದ ಜಾಗ, ಎಣ್ಣೆ ತೆಗೆದ ವಿಧಾನ, ಬಾಟಲಿ ಎಷ್ಟು ದಿನ ಬಿಸಿಲಿನಲ್ಲಿತ್ತು ಎಂಬುದರ ಮೇಲೆ ಅದರ ಪ್ರಮಾಣ ಬದಲಾಗುತ್ತದೆ. ಒಂದು ಕಂಪನಿಯ ಬಾಟಲಿಗೂ ಇನ್ನೊಂದಕ್ಕೂ ಹಲವು ಪಟ್ಟು ವ್ಯತ್ಯಾಸ ಇರುವುದುಂಟು. ಆದ್ದರಿಂದ 'ದಿನಾ ಒಂದು ಚಮಚ' ಎಂಬ ಸಲಹೆಗೆ ಅರ್ಥವೇ ಇಲ್ಲ. ಯಾವ ಬಾಟಲಿಯ ಒಂದು ಚಮಚ?

'ಶಕ್ತಿ' ಎಂಬ ಮಾತು ಎಲ್ಲಿ ದಾರಿ ತಪ್ಪಿಸುತ್ತದೆ

ರೋಗ ನಿರೋಧಕ ಶಕ್ತಿ ಎಂದು ನಾವು ಕನ್ನಡದಲ್ಲಿ ಹೇಳುತ್ತೇವೆ. ಶಕ್ತಿ ಎಂದ ಕೂಡಲೇ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಹಂಡೆಯಲ್ಲಿ ನೀರಿದ್ದ ಹಾಗೆ ಅದು ಮೈಯಲ್ಲಿ ತುಂಬಿರುತ್ತದೆ, ಕಡಿಮೆಯಾದರೆ ತುಂಬಿಸಬಹುದು ಎಂದು. ಎಣ್ಣೆ ಮಾರುವವರ ಕೆಲಸ ಇಲ್ಲೇ ಅರ್ಧ ಮುಗಿಯುತ್ತದೆ. ಜಾಸ್ತಿ ಇದ್ದರೆ ಒಳ್ಳೆಯದು, ಅಲ್ವಾ?

ಮಲೆನಾಡಿನಲ್ಲಿ ಇರುವವರಿಗೆ ಇದು ತಪ್ಪು ಎಂದು ತೋರಿಸಲು ಎರಡು ಕಾಯಿಲೆ ಸಾಕು. ಮಂಗನ ಕಾಯಿಲೆ ಮತ್ತು ಡೆಂಗಿ. ಎರಡರ ವೈರಸ್‌ಗಳೂ ಒಂದೇ ಬಳಗಕ್ಕೆ ಸೇರಿದವು. ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ, ಡೆಂಗಿ ಸೊಳ್ಳೆಯಿಂದ. ಮಂಗನ ಕಾಯಿಲೆಯಿಂದ ಗುಣವಾದವರ ಮೈಯಲ್ಲಿ ಆ ವೈರಸ್ ಗುರುತಿಸುವ ಪ್ರತಿಕಾಯಗಳು ತಯಾರಾಗಿರುತ್ತವೆ. ಆದರೆ ಮಳೆಗಾಲದಲ್ಲಿ ಡೆಂಗಿ ಸೊಳ್ಳೆ ಕಚ್ಚಿದರೆ ಅವರೂ ಮಲಗುತ್ತಾರೆ. ಅಂದರೆ ನಿರೋಧಕತೆ ಎಂಬುದು ಒಂದೊಂದು ರೋಗಾಣುವಿಗೆ ಒಂದೊಂದು. ಎಲ್ಲ ಬೀಗಕ್ಕೂ ಆಗುವ ಒಂದೇ ಕೀಲಿ ನಮ್ಮ ಮೈಯಲ್ಲಿ ಇಲ್ಲ.

ಡೆಂಗಿ ಇನ್ನೂ ಒಂದು ಪಾಠ ಹೇಳುತ್ತದೆ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದವರಿಗೆ ಎರಡನೇ ಸಲ ಬೇರೆ ಬಗೆ ತಗುಲಿದರೆ ಕಾಯಿಲೆ ಗಂಭೀರವಾಗುವ ಸಂಭವ ಜಾಸ್ತಿ. ಮೊದಲ ಸಲ ತಯಾರಾದ ಪ್ರತಿಕಾಯಗಳು ಹೊಸ ವೈರಸ್ಸನ್ನು ಪೂರ್ತಿ ತಡೆಯಲಾರವು. ಹಿಡಿದುಕೊಂಡು ಜೀವಕೋಶದೊಳಗೆ ಹೋಗಲು ಅದಕ್ಕೆ ದಾರಿ ಮಾಡಿಕೊಡುತ್ತವೆ. ಆಗ ಮೈ ಜೋರಾಗಿ ಪ್ರತಿಕ್ರಿಯಿಸುತ್ತದೆ, ರಕ್ತನಾಳಗಳಿಂದ ದ್ರವ ಸೋರುತ್ತದೆ, ರೋಗಿ ಕುಸಿಯುತ್ತಾರೆ. ಕೋವಿಡ್‌ನಲ್ಲೂ ಅನೇಕರ ಪ್ರಾಣಕ್ಕೆ ಸಂಚಕಾರ ತಂದಿದ್ದು ಹತೋಟಿ ತಪ್ಪಿದ ಉರಿಯೂತ. ಅದನ್ನು ತಗ್ಗಿಸಲು ಡಾಕ್ಟರ್‌ಗಳು ಕೊಟ್ಟ ಡೆಕ್ಸಾಮೆಥಾಸೋನ್ ರೋಗ ನಿರೋಧಕ ವ್ಯವಸ್ಥೆಯನ್ನು ತಣ್ಣಗೆ ಮಾಡುವ ಔಷಧಿ. ಸಂಧಿವಾತ, ಲೂಪಸ್, ಸೋರಿಯಾಸಿಸ್‌ನಂಥ ಕಾಯಿಲೆಗಳಲ್ಲಿ ಈ ವ್ಯವಸ್ಥೆ ನಮ್ಮದೇ ಕೀಲು, ಚರ್ಮ, ಮೂತ್ರಪಿಂಡದ ಮೇಲೆ ತಿರುಗಿ ಬೀಳುತ್ತದೆ. ಅಂಥವರಿಗೆ 'ಇಮ್ಯುನಿಟಿ ಹೆಚ್ಚಿಸುತ್ತೇವೆ' ಎಂಬ ಮಾತು ಕೇಳಿದರೆ ಭಯವಾಗಬೇಕು.

ಈಗ ಕರಿಜೀರಿಗೆಗೆ ಬರೋಣ. ಅದರ ಮೇಲೆ ನಡೆದ ಸಂಶೋಧನೆ ಓದುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಪ್ರಯೋಗಾಲಯದಲ್ಲಿ ಥೈಮೋಕ್ವಿನೋನ್ ಉರಿಯೂತವನ್ನು ಕಡಿಮೆ ಮಾಡುತ್ತದೆ. ಸಂಧಿವಾತ ಇರುವವರ ಮೇಲೆ, ಅಲರ್ಜಿಯ ಶೀತ ಇರುವವರ ಮೇಲೆ ಸಣ್ಣ ಅಧ್ಯಯನಗಳು ನಡೆದಿವೆ. ಅಲ್ಲಿ ಒಂದಿಷ್ಟು ಲಾಭ ಕಂಡಿದೆ ಎಂದರೆ ಅದಕ್ಕೆ ಕಾರಣ ಎಣ್ಣೆ ರೋಗ ನಿರೋಧಕ ವ್ಯವಸ್ಥೆಯನ್ನು ಸ್ವಲ್ಪ ಸಮಾಧಾನ ಮಾಡಿದ್ದು. ಇತ್ತ ಕೆಲವು ಪ್ರಾಣಿ ಪ್ರಯೋಗಗಳಲ್ಲಿ ಕೆಲವು ಬಗೆಯ ಬಿಳಿ ರಕ್ತಕಣಗಳು ಚುರುಕಾದದ್ದೂ ಕಂಡಿದೆ. ಅಂದರೆ ಈ ಎಣ್ಣೆ ಒಂದು ಕಡೆ ಬೆಂಕಿ ತಗ್ಗಿಸುತ್ತದೆ, ಇನ್ನೊಂದು ಕಡೆ ಸ್ವಲ್ಪ ಊದುತ್ತದೆ. ಬಾಟಲಿಯ ಮೇಲೆ ಮಾತ್ರ 'ಹೆಚ್ಚಿಸುತ್ತದೆ' ಎಂಬ ಒಂದೇ ಮಾತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೇಸರ ತಂದದ್ದು ಇದು. ಬೀಜದ ಬಗ್ಗೆ ನಿಜವಾಗಿ ಗೊತ್ತಿರುವ ಸ್ವಾರಸ್ಯವನ್ನೆಲ್ಲ ಬಿಟ್ಟು, ಸುಲಭಕ್ಕೆ ಮಾರಾಟವಾಗುವ ಒಂದು ಪದವನ್ನು ಅಂಟಿಸಿದ್ದಾರೆ.

ಮನುಷ್ಯರ ಮೇಲೆ ಸೋಂಕಿನ ಸಂದರ್ಭದಲ್ಲಿ ಪರೀಕ್ಷೆ ಆಗಿಲ್ಲವೇ? ಆಗಿದೆ. ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಸೌಮ್ಯ ಕೋವಿಡ್ ಇದ್ದ 173 ಜನರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ 500 ಮಿಲಿಗ್ರಾಂ ಕರಿಜೀರಿಗೆ ಎಣ್ಣೆಯ ಕ್ಯಾಪ್ಸೂಲ್ ದಿನಕ್ಕೆ ಎರಡು ಸಲ, 10 ದಿನ ಕೊಟ್ಟರು. ಉಳಿದವರಿಗೆ ಮಾಮೂಲಿ ಉಪಚಾರ. ಎಣ್ಣೆ ತೆಗೆದುಕೊಂಡವರಲ್ಲಿ 62 ಶೇಕಡಾ ಜನ ಎರಡು ವಾರದೊಳಗೆ ಚೇತರಿಸಿಕೊಂಡರು, ಉಳಿದವರಲ್ಲಿ 36 ಶೇಕಡಾ. ಕೇಳಲು ಬಹಳ ಚೆನ್ನಾಗಿದೆ. ಆದರೆ ಯಾರಿಗೆ ಎಣ್ಣೆ ಸಿಕ್ಕಿದೆ ಎಂದು ರೋಗಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಎರಡನೇ ಗುಂಪಿಗೆ ನೋಡಲು ಹಾಗೇ ಇರುವ ಬರಿ ಕ್ಯಾಪ್ಸೂಲ್ ಕೊಟ್ಟಿರಲಿಲ್ಲ. ಚೇತರಿಕೆಯನ್ನು ಅಳೆದದ್ದು ರೋಗಿ ಹೇಳಿದ ಲಕ್ಷಣಗಳಿಂದ. ಕೆಮ್ಮು ಕಡಿಮೆಯಾಯಿತಾ, ಸುಸ್ತು ಹೋಯಿತಾ ಎಂದು ಕೇಳಿದಾಗ, 'ನನಗೆ ಔಷಧಿ ಸಿಕ್ಕಿದೆ' ಎಂಬ ಸಮಾಧಾನವೇ ಉತ್ತರವನ್ನು ಬದಲಾಯಿಸುತ್ತದೆ. ಇದು ಮುಂದೆ ದೊಡ್ಡ ಪರೀಕ್ಷೆ ಮಾಡಲು ಯೋಗ್ಯ ಎನ್ನುವಷ್ಟು ಸುಳಿವು. ಆರೋಗ್ಯವಾಗಿರುವವರು ದಿನಾ ಕುಡಿದರೆ ಶೀತ, ಜ್ವರ ಬರುವುದಿಲ್ಲ ಎಂದು ಈ ಅಧ್ಯಯನ ಹೇಳುವುದೇ ಇಲ್ಲ. ಅದನ್ನು ಅದು ಕೇಳಿಯೂ ಇಲ್ಲ.

ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಸ್ವಲ್ಪ ಇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚು ಅಧ್ಯಯನಗಳಿವೆ. ಇಳಿಕೆ ಸಣ್ಣದು, ಅಧ್ಯಯನಗಳೂ ಬಹುಪಾಲು ಸಣ್ಣವು. ಆದರೂ ಇಳಿಯುತ್ತದೆ ಎಂಬುದನ್ನು ಮನಸ್ಸಿನಲ್ಲಿಡಿ. ಮುಂದಿನ ಮಾತಿಗೆ ಅದು ಬೇಕು.

ಮಾತ್ರೆ ಡಬ್ಬಿಯ ಪಕ್ಕದಲ್ಲಿ

2025ರ ಜೂನ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಹಠಾತ್ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದವು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತರು. ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿ, ಹೃದಯಾಘಾತಗಳು ಅಸಹಜವಾಗಿ ಹೆಚ್ಚಿಲ್ಲ ಎಂದು ಸರ್ಕಾರಕ್ಕೆ ವರದಿ ಕೊಟ್ಟಿತು. ಭಯ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಹೆದರಿದಾಗ ಕೈ ಯಾವುದಾದರೂ ಬಾಟಲಿಯ ಕಡೆ ಹೋಗುತ್ತದೆ. ಅದು ಮನುಷ್ಯ ಸಹಜ. ನಮ್ಮ ಎರಡೂ ಜಿಲ್ಲೆಗಳಲ್ಲಿ ಐವತ್ತು ದಾಟಿದವರ ಮನೆಗಳನ್ನು ನೋಡಿ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಇಲ್ಲದ ಮನೆ ಕಡಿಮೆ. ಅದೇ ಕಪಾಟಿನಲ್ಲಿ ಒಂದು ಕಷಾಯದ ಪುಡಿ, ಒಂದು ಎಣ್ಣೆ, ಒಂದು ಲೇಹ್ಯ.

ನಿಜವಾದ ಅಪಾಯ ಇರುವುದು ಈ ಕಪಾಟಿನಲ್ಲಿ. ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಸಕ್ಕರೆ ಇಳಿಸುವ ಎಣ್ಣೆಯನ್ನೂ ಕುಡಿದರೆ ತಲೆ ಸುತ್ತಿ ಬೀಳಬಹುದು. ಬಿಪಿಯದೂ ಅದೇ ಕಥೆ. ಕರಿಜೀರಿಗೆ ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು ಎಂಬ ಸೂಚನೆ ಪ್ರಯೋಗಾಲಯದ ಕೆಲಸದಲ್ಲಿ ಇದೆ. ಅದಕ್ಕಾಗಿ ಆಪರೇಷನ್‌ಗೆ ಎರಡು ವಾರ ಮೊದಲೇ ಇದನ್ನು ನಿಲ್ಲಿಸಲು ಹೇಳುತ್ತಾರೆ.

ಇನ್ನೊಂದು ದಾರಿ ಸ್ವಲ್ಪ ಸೂಕ್ಷ್ಮ. ನಾವು ನುಂಗಿದ ಹೆಚ್ಚಿನ ಮಾತ್ರೆಗಳನ್ನು ಯಕೃತ್ತಿನಲ್ಲಿರುವ ಕೆಲವು ಕಿಣ್ವಗಳು ಒಡೆದು ಹೊರಗೆ ಕಳಿಸುತ್ತವೆ. ತೋಟದಲ್ಲಿ ಮಳೆನೀರು ಹೋಗಲು ಬಸಿಗಾಲುವೆ ಇರುತ್ತದಲ್ಲ, ಹಾಗೆ. ಕಾಲುವೆಗೆ ಏನಾದರೂ ಅಡ್ಡ ಬಿದ್ದರೆ ನೀರು ನಿಲ್ಲುತ್ತದೆ. ವಾರ್ಫರಿನ್ ಒಡೆಯುವ ಕಿಣ್ವವನ್ನು ಥೈಮೋಕ್ವಿನೋನ್ ಪ್ರಯೋಗಾಲಯದಲ್ಲಿ ತಡೆಯುತ್ತದೆ. ಆರೋಗ್ಯವಂತ ಜನರಿಗೆ ಕರಿಜೀರಿಗೆ ಕೊಟ್ಟು ನೋಡಿದಾಗ ಇನ್ನೊಂದು ಕಿಣ್ವದ ಕೆಲಸ ನಿಧಾನವಾದದ್ದು ಕಂಡಿದೆ. ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಆ ಎರಡನೇ ಕಿಣ್ವದಿಂದಲೇ ಕರಗುತ್ತವೆ. ಕಾಲುವೆ ಕಟ್ಟಿದರೆ, ಡಾಕ್ಟರ್ ಬರೆದ ಪ್ರಮಾಣವೇ ಮೈಯಲ್ಲಿ ಜಾಸ್ತಿಯಾಗಿ ನಿಲ್ಲುತ್ತದೆ. ರೋಗಿ ಮಾತ್ರೆ ಸರಿಯಾಗಿಯೇ ತೆಗೆದುಕೊಂಡಿರುತ್ತಾರೆ. ಡಾಕ್ಟರ್ ಸರಿಯಾಗಿಯೇ ಬರೆದಿರುತ್ತಾರೆ. ಆದರೂ ಪ್ರಮಾಣ ತಪ್ಪಿರುತ್ತದೆ.

ಮೂತ್ರಪಿಂಡ ಬದಲಾಯಿಸಿಕೊಂಡವರು ಇದರ ಹತ್ತಿರವೂ ಹೋಗಬಾರದು ಎಂಬುದು ನನ್ನ ಮಾತು. ಅವರ ಮೈ ಹೊಸ ಮೂತ್ರಪಿಂಡವನ್ನು ಒಪ್ಪಿಕೊಂಡು ಇರಲಿ ಎಂದೇ ರೋಗ ನಿರೋಧಕ ವ್ಯವಸ್ಥೆಯನ್ನು ಔಷಧಿಯಿಂದ ತಗ್ಗಿಸಿರುತ್ತಾರೆ. ಬಸುರಿಯರು ಅಡುಗೆಯಲ್ಲಿ ತಿಂದರೆ ತೊಂದರೆಯಿಲ್ಲ, ಎಣ್ಣೆ ಕ್ಯಾಪ್ಸೂಲ್ ಬೇಡ. ಚರ್ಮಕ್ಕೆ ಹಚ್ಚಿದಾಗ ಕೆಲವರಿಗೆ ಗುಳ್ಳೆ, ಕೆಂಪು ಬಂದದ್ದು ದಾಖಲಾಗಿದೆ.

ಎಲ್ಲ ಎಣ್ಣೆಯೂ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನಲ್ಲಿ ಪ್ರವಾಸಿಗಳು ಓಡಾಡುವ ಕಡೆ ಕಾಫಿಪುಡಿ, ಜೇನು, ಯಾಲಕ್ಕಿ ಪಕ್ಕದಲ್ಲೇ ಸಣ್ಣ ಸಣ್ಣ ಎಣ್ಣೆ ಸೀಸೆ ಇಟ್ಟಿರುತ್ತಾರೆ. ನೀಲಗಿರಿ ಎಣ್ಣೆ ಹೊರಗೆ ಹಚ್ಚಲು, ಆವಿ ತೆಗೆದುಕೊಳ್ಳಲು ಇರುವುದು. ಮಕ್ಕಳ ಹೊಟ್ಟೆಗೆ ಒಂದು ಚಮಚ ಹೋದರೂ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು. ಕರ್ಪೂರವೂ ಹಾಗೆ. ಇವನ್ನು ಔಷಧಿ ಗಿಡದ್ದು, ಏನೂ ಆಗಲ್ಲ ಎಂದು ಕೈಗೆ ಸಿಗುವಲ್ಲಿ ಇಡಬೇಡಿ. ದಯವಿಟ್ಟು.

ಬೇಲಿಯ ಮೇಲಿನ ಬಳ್ಳಿ ಕಲಿಸಿದ್ದು

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಆಯುಷ್ ಸಚಿವಾಲಯ ಚ್ಯವನಪ್ರಾಶ, ಕಷಾಯ, ಅರಿಶಿನದ ಹಾಲು, ಮೂಗಿನ ಹೊಳ್ಳೆಗೆ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚುವ ಸಲಹೆಗಳನ್ನು ಕೊಟ್ಟಿತು. ಇವೆಲ್ಲ ಮಲೆನಾಡಿನ ಮನೆಗೆ ಹೊಸದೇನೂ ಆಗಿರಲಿಲ್ಲ. ಮಾರುಕಟ್ಟೆ ಮಾತ್ರ 'ಇಮ್ಯುನಿಟಿ' ಎಂಬ ಪದವನ್ನು ಹಿಡಿದುಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. ಕೋವಿಡ್ ವಾಸಿ ಮಾಡುತ್ತೇವೆ ಎಂಬ ಜಾಹೀರಾತು ನಿಲ್ಲಿಸಿ ಎಂದು ಅದೇ ಸಚಿವಾಲಯ ಏಪ್ರಿಲ್ 1ರಂದು ರಾಜ್ಯಗಳಿಗೆ ಆದೇಶ ಕಳಿಸಬೇಕಾಯಿತು.

ಆಗ ಎಲ್ಲರ ಬೇಲಿಯಲ್ಲೂ ಹಬ್ಬಿದ್ದ ಅಮೃತಬಳ್ಳಿಗೆ ಬಹಳ ಬೇಡಿಕೆ ಬಂತು. ಜನ ದಿನಕ್ಕೆ ಎರಡು ಹೊತ್ತು ಕಷಾಯ ಕುಡಿದರು, ತಿಂಗಳುಗಟ್ಟಲೆ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈನ ಡಾಕ್ಟರ್‌ಗಳು, ಅಮೃತಬಳ್ಳಿ ಸೇವಿಸಿದ ಬಳಿಕ ಯಕೃತ್ತಿಗೆ ಪೆಟ್ಟಾದ 6 ರೋಗಿಗಳನ್ನು ನೋಡಿ ವರದಿ ಬರೆದರು. ಆಮೇಲೆ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಇವರಲ್ಲಿ ಅನೇಕರಿಗೆ ಕಂಡದ್ದು, ರೋಗ ನಿರೋಧಕ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ಬಿದ್ದಂಥ ಹೆಪಟೈಟಿಸ್. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಜಾತಿಯ ಬಳ್ಳಿ ಸೇರಿಕೊಂಡಿರಬಹುದು ಎಂದಿತು. ಯಾರ ವಾದ ಸರಿ ಎಂಬುದನ್ನು ಪಕ್ಕಕ್ಕಿಡಿ. ಎರಡು ವಾದದಲ್ಲೂ ಒಂದು ಎಚ್ಚರಿಕೆ ಇದೆ. ಮೊದಲನೆಯದು ನಿಜವಾದರೆ, ಗಿಡಮೂಲಿಕೆಯೂ ಕೆಲವರ ಮೈಗೆ ಆಗುವುದಿಲ್ಲ. ಎರಡನೆಯದು ನಿಜವಾದರೆ, ನಾವು ಕುಡಿಯುತ್ತಿರುವುದು ಯಾವ ಗಿಡ ಎಂಬುದೇ ನಮಗೆ ಗೊತ್ತಿಲ್ಲ. ಕರಿಜೀರಿಗೆಯ ಮೂರು ಬೀಜಗಳ ಗೊಂದಲ ಮತ್ತೆ ನೆನಪಾಗುತ್ತದೆ.

ನಮ್ಮ ಕಡೆಯ ಹಳೆಯ ಪದ್ಧತಿಯಲ್ಲಿ ಒಂದು ವಿವೇಕ ಇತ್ತು ಎಂದು ನನಗೆ ಅನ್ನಿಸುತ್ತದೆ. ಕಷಾಯ ಶೀತ ಬಂದಾಗ ಮೂರು ದಿನ. ದೊಡ್ಡಪತ್ರೆ ತಂಬುಳಿ ಊಟದ ಜೊತೆ, ಒಂದು ಸೌಟು. ಹರಳೆಣ್ಣೆ ವರ್ಷಕ್ಕೆ ಒಂದೆರಡು ಸಲ, ಅದೂ ಅಜ್ಜಿ ಎದುರು ನಿಂತು ಕುಡಿಸುತ್ತಿದ್ದರು. ಪಂಡಿತರು ಕೊಟ್ಟರೆ ಪಥ್ಯ ಹೇಳುತ್ತಿದ್ದರು, ಎಷ್ಟು ದಿನ ಎಂದು ಹೇಳುತ್ತಿದ್ದರು. ಕೊಪ್ಪದಲ್ಲಿ ಆಯುರ್ವೇದ ಕಾಲೇಜಿದೆ, ಹಾಸನದಲ್ಲಿ ಇದೆ. ಅಲ್ಲಿನ ವೈದ್ಯರ ಹತ್ತಿರ ಹೋದರೆ ನಾಡಿ ನೋಡಿ, ಬೇರೆ ಮಾತ್ರೆ ಏನಿದೆ ಕೇಳಿ ಕೊಡುತ್ತಾರೆ. ಕೊರಿಯರ್‌ನಲ್ಲಿ ಬಂದ ಬಾಟಲಿಗೆ ಪಥ್ಯವೂ ಇಲ್ಲ, ಮುಗಿಯುವ ದಿನವೂ ಇಲ್ಲ. ಖಾಲಿಯಾದರೆ ಇನ್ನೊಂದು ತರಿಸು ಎನ್ನುತ್ತದೆ, ಅಷ್ಟೆ.

ಲೇಬಲ್ ಓದುವುದು

ಒಂದೇ ಎಣ್ಣೆ ನಮ್ಮ ದೇಶದಲ್ಲಿ ಮೂರು ಬಾಗಿಲಿನಿಂದ ಅಂಗಡಿಗೆ ಬರಬಹುದು. ಆಹಾರ ಪೂರಕವಾಗಿ ಬಂದರೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ. 'ಔಷಧಿಯಾಗಿ ಬಳಸಲು ಅಲ್ಲ' ಎಂಬ ಅರ್ಥದ ಸಾಲು ಇರಲೇಬೇಕು. ಅದು ಇಂಗ್ಲಿಷಿನಲ್ಲಿ, ಬಾಟಲಿಯ ಹಿಂಭಾಗದಲ್ಲಿ ಇರುತ್ತದೆ. ದೊಡ್ಡಮ್ಮನ ಬಾಟಲಿಯಲ್ಲೂ ಇತ್ತು. ಕನ್ನಡ ಮಾತ್ರ ಓದುವ ಒಬ್ಬ ಹೆಂಗಸಿಗೆ ಅದರಿಂದ ಏನು ಉಪಯೋಗ? ಮುಂದೆ ಇರುವ 'ಇಮ್ಯುನಿಟಿ' ಎಂಬ ಪದ ಮಾತ್ರ ಟಿವಿಯಿಂದ ಎಲ್ಲರಿಗೂ ಗೊತ್ತು. ಆಯುರ್ವೇದ ಔಷಧಿಯಾಗಿ ಬಂದರೆ 1940ರ ಔಷಧ ಕಾಯ್ದೆಯ ಕೆಳಗೆ ರಾಜ್ಯ ಕೊಟ್ಟ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ ಇರಬೇಕು. ಮೂರನೆಯದು ಕೂದಲಿಗೆ ಹಚ್ಚುವ ಎಣ್ಣೆ. ಅದರ ಮೇಲೂ ಕರಿಜೀರಿಗೆಯ ಚಿತ್ರವೇ ಇರುತ್ತದೆ, ಅದನ್ನು ಕುಡಿಯಬಾರದು. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು ಔಷಧಗಳ ಆಕ್ಷೇಪಾರ್ಹ ಜಾಹೀರಾತು ತಡೆಯುವ 1954ರ ಕಾಯ್ದೆಯ ಪ್ರಕಾರ ಅಪರಾಧ. 'ಇಮ್ಯುನಿಟಿ ಸಪೋರ್ಟ್' ಎಂದು ಬರೆಯುವುದು ಅದರಿಂದ ನುಣುಚಿಕೊಳ್ಳುವ ದಾರಿ. ಯಾವ ಕಾಯಿಲೆಯ ಹೆಸರೂ ಹೇಳದೆ ಎಲ್ಲ ಕಾಯಿಲೆಯ ಭಯಕ್ಕೂ ಉತ್ತರ ಕೊಟ್ಟಂತೆ ಆಗುತ್ತದೆ. ತಪ್ಪು ಜಾಹೀರಾತಿನ ಬಗ್ಗೆ, ಅಡ್ಡಪರಿಣಾಮದ ಬಗ್ಗೆ ದೂರು ಕೊಡಲು ಆಯುಷ್ ಸಚಿವಾಲಯದ 'ಆಯುಷ್ ಸುರಕ್ಷಾ' ಎಂಬ ಜಾಲತಾಣ 2025ರಲ್ಲಿ ಶುರುವಾಗಿದೆ.

ಈಗ ಮತ್ತೆ ಜಗಲಿಯ ಆ ಮೊದಲ ಬಾಟಲಿ. ಡೆಪಾ ಎಣ್ಣೆ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಅದು ಮೈಯೊಳಗೆ ಏನನ್ನೂ ಹೆಚ್ಚಿಸುವುದಿಲ್ಲ. ಉಣುಗು ಮೈಗೆ ಹತ್ತದ ಹಾಗೆ ನೋಡಿಕೊಳ್ಳುತ್ತದೆ, ಕೆಲವು ತಾಸು. ಆಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಬೇಕು. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ. 2024ರಲ್ಲಿ ನಮ್ಮ ಜಿಲ್ಲೆ, ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಪ್ರಕರಣ ಹೆಚ್ಚಾಗಿ ಸಾವುಗಳೂ ಆದವು. ಹಾಗಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನವರ ಕೈಯಲ್ಲಿ ಇರುವುದು ಮುಖ್ಯವಾಗಿ ಈ ಎಣ್ಣೆ ಮತ್ತು ಎಚ್ಚರ. ಕೊಪ್ಪದ ಮನೆಯಲ್ಲಿ ಅದು ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. "ವಾಸನೆ ಮಾರಾಯ, ಅಂಟು ಅಂಟು" ಎಂದು ದೊಡ್ಡಪ್ಪ ಹಚ್ಚುತ್ತಿರಲಿಲ್ಲ. ದುಡ್ಡು ಕೊಟ್ಟು ತರಿಸಿದ ಬಾಟಲಿ ಖಾಲಿಯಾಗುತ್ತಾ ಬಂದಿತ್ತು.

ಡಾಕ್ಟರ್‌ಗಳ ಕಡೆಯೂ ಒಂದು ಮಾತು ಹೇಳಬೇಕು. "ಬೇರೆ ಔಷಧಿ ತಗೊಳ್ತೀರಾ" ಎಂದು ಕೇಳಿದರೆ ನಮ್ಮ ಜನ ಇಲ್ಲ ಎನ್ನುತ್ತಾರೆ. "ಮನೆಮದ್ದು ಏನಾದ್ರೂ? ಕಷಾಯ, ಪುಡಿ, ಎಣ್ಣೆ, ಲೇಹ್ಯ? ಯಾರಾದ್ರೂ ಏನಾದ್ರೂ ಕಳಿಸಿಕೊಟ್ಟಿದ್ದಾರಾ?" ಎಂದು ಹೆಸರು ಹಿಡಿದು ಕೇಳಿದರೆ ಹೇಳುತ್ತಾರೆ. ಬೈಯದೆ ಕೇಳಿದರೆ ಇನ್ನೂ ಹೇಳುತ್ತಾರೆ. ನಿಲ್ಲಿಸಿ ಎಂದು ಗದರುತ್ತಾರೆ ಎಂಬ ಭಯಕ್ಕೇ ಎಷ್ಟೋ ಬಾಟಲಿಗಳು ಬೀರುವಿನ ಹಿಂದೆ ಹೋಗಿವೆ.

ಏಪ್ರಿಲ್‌ನಲ್ಲಿ ದೊಡ್ಡಮ್ಮನನ್ನು ಮತ್ತೆ ಪರೀಕ್ಷೆಗೆ ಕರೆದುಕೊಂಡು ಹೋದೆ. ಐಎನ್‌ಆರ್ 2.9. ಡಾಕ್ಟರ್ ಪುಸ್ತಕದಲ್ಲಿ ಬರೆಯುತ್ತಿದ್ದಾಗ ದೊಡ್ಡಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಅಶ್ವಗಂಧದ ಪುಡಿ. ಪಕ್ಕದ ಮನೆಯ ಅತ್ತಿಗೆ ಕೊಟ್ಟಿದ್ದಂತೆ. "ಇದಿನ್ನೂ ಶುರು ಮಾಡಿಲ್ಲ ಡಾಕ್ಟ್ರೆ. ತಗೊಳ್ಬಹುದಾ ನೋಡಿ" ಎಂದರು. ಡಾಕ್ಟರ್ ಪೆನ್ನು ಕೆಳಗಿಟ್ಟು ಪೊಟ್ಟಣ ಕೈಗೆ ತೆಗೆದುಕೊಂಡರು.